ಎಡಗಾಲಿನ ಸುಳ್ಳು ಬಿಸಿ

ಡಾಕ್ಟರುಗಳು ಕೇಳುವ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವುದು ‘ಯಾವಾಗ ಶುರುವಾಯ್ತು?’ ಎಂಬುದು. ಎಲ್ಲಿ ಎಂದರೆ ಬೆರಳು ಮಾಡಿ ತೋರಿಸಬಹುದು. ಯಾವಾಗ ಎಂದರೆ ನಾನು ಕಥೆ ಕಟ್ಟತೊಡಗುತ್ತೇನೆ. ನನ್ನ ಎಡಗಾಲಿನ ಮೀನಖಂಡದಲ್ಲಿ ಬಿಸಿ ಕಾಣಿಸಿಕೊಂಡಿದ್ದು, ಒಮ್ಮೆ ನಾನು ಹೇಳಿದ ಪ್ರಕಾರ, ಶಿಡ್ಲಘಟ್ಟದ ಬಸ್ಸಿನಲ್ಲಿ. ಯಾರೋ ಫ್ಲಾಸ್ಕಿನ ಕಾಫಿ ಚೆಲ್ಲಿದರೆಂದು ಬಗ್ಗಿ ನೋಡಿದರೆ ಪ್ಯಾಂಟು ಒಣಗಿಯೇ ಇತ್ತು. ಇನ್ನೊಮ್ಮೆ ಹೇಳಿದ ಪ್ರಕಾರ, ನಾನು ಗುಮಾಸ್ತನಾಗಿರುವ ಸ್ಕೂಲಿನ ಆಫೀಸಿನಲ್ಲಿ. ಮೇಜಿನ ಕೆಳಗೆ ಬೆಕ್ಕು ಒರಗಿಕೊಂಡಿದೆಯೆಂದು ಕಾಲು ಆಡಿಸಿದೆ, ಬೆಕ್ಕಿರಲಿಲ್ಲ. ಎರಡೂ ನಿಜವಿರಬಹುದು. ಬೆಕ್ಕನ್ನು ನಾನು ಆಮೇಲೆ ಸೇರಿಸಿದ್ದೂ ಇರಬಹುದು.

ಬಿಸಿ ಎಂದರೆ ಸುಡುವ ಬಿಸಿಯಲ್ಲ. ಉಗುರುಬೆಚ್ಚಗಿನ ನೀರು ಮಂಡಿಯ ಕೆಳಗಿನಿಂದ ಪಾದದವರೆಗೆ ಸಾವಕಾಶವಾಗಿ ಇಳಿದ ಹಾಗೆ. ಇದಕ್ಕೆ ಕಾರಣ ಹೇಳುವವರು ನಮ್ಮ ಮೇಲೂರಿನಲ್ಲಿ ಬೇಕಾದಷ್ಟು ಜನ. ಹೆಡ್‌ಮಾಸ್ತರು ಜೇಬಿನ ಮೊಬೈಲೇ ಕಾರಣವೆಂದರು. ಮೊಬೈಲನ್ನು ಬಲಜೇಬಿಗೆ ವರ್ಗಾವಣೆ ಮಾಡಿದೆ. ಬಿಸಿ ಎಡಗಡೆಯೇ ಉಳಿಯಿತು. ಪಕ್ಕದ ಮನೆಯ ಅಮೀರ್ ಭಾಯಿ ರೇಷ್ಮೆ ನೂಲು ತೆಗೆಯುವವರು, ಆಯುಸ್ಸೆಲ್ಲ ಕುದಿನೀರಿನ ಮುಂದೆ ಕಳೆದವರು. ಅವರಿಗಂತೂ ಅವಮಾನವೇ ಆಯಿತು. “ಅರೆ, ನಲವತ್ತು ವರ್ಷ ಗೂಡು ಬೇಯಿಸಿದೋನು ನಾನು. ನಂಗೆ ಬರದ ಬಿಸಿ ಕುರ್ಚೀಲಿ ಕೂತಿರೋ ನಿಮಗೆ ಹೆಂಗೆ ಬಂತು ಸಾರ್?” ಎಂದರು. ನನ್ನ ಹೆಂಡತಿ ಸರೋಜ ಮಾತ್ರ ವಾದಕ್ಕಿಳಿಯಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಅವಳು ರೇಷ್ಮೆ ಹುಳು ಸಾಕುತ್ತಾಳೆ. ಆ ಹುಳುಮನೆಯ ಗೋಡೆಯಿಂದ ಥರ್ಮಾಮೀಟರು ಬಿಚ್ಚಿ ತಂದು ನನ್ನ ಎರಡೂ ಕಾಲಿಗೆ ಒಂದೊಂದು ಸಲ ಕಟ್ಟಿ ನೋಡಿದಳು. “ಎರಡೂ ಒಂದೇ ಇದೆ ಕಣ್ರೀ. ನಿಮ್ಮ ಕಾಲು ಸುಳ್ಳು ಹೇಳ್ತಿದೆ” ಎಂದು ತೀರ್ಪು ಕೊಟ್ಟು, ಹುಳುಗಳಿಗೆ ತೊಂದರೆಯಾದೀತೆಂದು ಥರ್ಮಾಮೀಟರನ್ನು ತೊಳೆದು ಒರೆಸಿ ವಾಪಸ್ಸು ನೇತುಹಾಕಿದಳು.

ಕೊನೆಗೆ ಚಿಕ್ಕಬಳ್ಳಾಪುರದ ಡಾಕ್ಟರಮ್ಮನ ಹತ್ತಿರ ಹೋದೆವು. ಯಾವಾಗ ಶುರುವಾಯ್ತು ಎಂದರು. ಬೆಕ್ಕಿನ ಕಥೆ ಹೇಳಿದೆ. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಎಂದರು. “ಎರಡು” ಎಂದೆ. “ಎಂಟು” ಎಂದಳು ಸರೋಜ. ಅವರು ಸರೋಜಳದ್ದನ್ನೇ ಬರೆದುಕೊಂಡರು. ಬೆನ್ನಿನ ನರ ಒತ್ತಿಕೊಂಡರೂ ಹೀಗಾಗುತ್ತದಂತೆ, ವಿಟಮಿನ್ ಕಡಿಮೆಯಾದರೂ ಆಗುತ್ತದಂತೆ, ರಕ್ತನಾಳ ಉಬ್ಬಿದರೂ ಆಗುತ್ತದಂತೆ. ನನಗೆ ಮಾತ್ರ ಸಕ್ಕರೆಯಿಂದ ನರ ಸಾಯುತ್ತಿದೆಯಂತೆ. ಸಾಯುವ ನರ ಇಲ್ಲದ ಬಿಸಿ ಹೇಳುತ್ತದೆ, ಆಮೇಲೆ ಇರುವ ಬಿಸಿಯನ್ನೂ ಹೇಳುವುದಿಲ್ಲ ಎಂದರು. ಬರುವಾಗ ಒಂದು ಎಚ್ಚರಿಕೆ ಕೊಟ್ಟರು. ನನಗೆ ನೆನಪಿರುವಂತೆ ಅದು: “ಆ ಬಿಸೀನ ನಂಬಬೇಡಿ.” ಸರೋಜಳಿಗೆ ನೆನಪಿರುವಂತೆ: “ಆ ಬಿಸೀನ ನಂಬಬೇಡಿ, ಪ್ರತಿಸಲ ಬಗ್ಗಿ ಕಣ್ಣಿಂದ ನೋಡ್ಕೊಳಿ.” ಬಗ್ಗುವುದೆಂದರೆ ನನಗೆ ಮೊದಲಿಂದಲೂ ಬೇಸರ. ನನ್ನ ನೆನಪು ನನ್ನ ಅನುಕೂಲ ನೋಡಿಕೊಂಡೇ ಕತ್ತರಿ ಆಡಿಸುತ್ತದೆ.

ಈ ಚಳಿಗಾಲದಲ್ಲಿ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಹಳೆಯ ಚರ್ಮ ಕಳಚುವ ಹೊತ್ತು. ಆಗ ಶೆಡ್ಡು ತಣ್ಣಗಾಗಬಾರದೆಂದು ಇದ್ದಿಲೊಲೆ ಇಡುತ್ತೇವೆ. ಒಂದು ಬೆಳಿಗ್ಗೆ ಸರೋಜ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೊರಟವಳು, “ಥರ್ಮಾಮೀಟರ್ ನೋಡ್ತಾ ಕೂತಿರಿ, ಬೇರೇನೂ ಮಾಡ್ಬೇಡಿ” ಎಂದಳು. ಬೇರೇನೂ ಮಾಡದಿರುವುದು ನನಗೆ ಚೆನ್ನಾಗಿ ಬರುವ ಕೆಲಸ. ಕಾಲು ತೊಳೆದು, ಪಂಚೆ ಎತ್ತಿಕಟ್ಟಿ, ಸ್ಟೂಲಿನ ಮೇಲೆ ಕೂತು ಗೋಡೆಯನ್ನೇ ನೋಡಿದೆ. ಸ್ವಲ್ಪ ಹೊತ್ತಿಗೆ ಎಡಗಾಲಲ್ಲಿ ಬಿಸಿ ಇಳಿಯಿತು. ‘ಶುರುವಾಯ್ತಪ್ಪ ಇದರ ಸುಳ್ಳು’ ಎಂದುಕೊಂಡೆ. ನಂಬಲಿಲ್ಲ. ಹುಳುಗಳ ಹಾಗೆಯೇ ಅಲ್ಲಾಡದೆ ಕೂತಿದ್ದಕ್ಕೆ ಒಳಗೊಳಗೇ ಹೆಮ್ಮೆಪಟ್ಟಿದ್ದು ಕೂಡ ನೆನಪಿದೆ.

ಸರೋಜ ಸೊಪ್ಪಿನ ಹೊರೆಯೊಂದಿಗೆ ಬಾಗಿಲಲ್ಲೇ ನಿಂತಳು. “ಏನ್ರೀ ಇದು, ಸುಟ್ಟ ವಾಸನೆ!” ಮೊದಲು ಓಡಿದ್ದು ಹುಳುಗಳ ತಟ್ಟೆಗೆ. ಆಮೇಲೆ ಥರ್ಮಾಮೀಟರಿಗೆ. ಆಮೇಲೆ ನನ್ನ ಕಡೆ ತಿರುಗಿ, ಒಲೆಯ ಕಬ್ಬಿಣದ ಅಂಚಿಗೆ ಒರಗಿದ್ದ ನನ್ನ ಎಡಪಾದವನ್ನು ಕಂಡು ಸೊಪ್ಪು ಕೆಳಗೆ ಹಾಕಿದಳು. ನಾನು “ಹುಳುಗಳಿಗೇನೂ ಆಗಿಲ್ಲ ತಾನೆ?” ಎಂದೆನಂತೆ. ಅಷ್ಟು ಒಳ್ಳೆಯ ಮಾತು ನಾನು ಆಡಿರಲಾರೆ. ಹುಳುಗಳು ಮಾರನೆಯ ದಿನ ಜ್ವರ ಬಿಟ್ಟು, ಹಳೆಯ ಚರ್ಮ ಕಳಚಿ, ಹೊಸದರಲ್ಲಿ ಎದ್ದವು. ನನ್ನ ಚರ್ಮವೂ ಕಳಚಿತು; ಹೊಸದು ಬರಲಿಲ್ಲ.

ಐದು ವಾರವಾದರೂ ಗಾಯ ಆರಲಿಲ್ಲ. ಪಾದ ಕಪ್ಪಗಾಗತೊಡಗಿತು. ಅಮೀರ್ ಭಾಯಿ ದಿನಾ ಬಂದು ಕೂರುತ್ತಾರೆ, ಕಾರಣ ಹೇಳುವುದನ್ನು ಬಿಟ್ಟಿದ್ದಾರೆ. ಮೊನ್ನೆ ಡಾಕ್ಟರಮ್ಮ ಪಾದದಲ್ಲಿ ಜೀವ ಇನ್ನೂ ಇದ್ದರೆ ಉಳಿಸಲು ನೋಡೋಣ, ಇಲ್ಲದಿದ್ದರೆ ಮಂಡಿಯ ಕೆಳಗೆ ತೆಗೆಯಬೇಕಾಗುತ್ತೆ ಎಂದರು. “ಕಣ್ಣು ಮುಚ್ಕೊಳಿ. ಸೂಜಿ ಚುಚ್ಚಿದ್ದು ಗೊತ್ತಾದ ತಕ್ಷಣ ಹೇಳಿ.”

ಮುಚ್ಚಿದೆ. ಈ ಸಲ ಕಥೆ ಕಟ್ಟಬಾರದು, ನಿಜವಾಗಿ ಚುಚ್ಚಿದಾಗ ಮಾತ್ರ ಹೇಳಬೇಕು ಎಂದು ಗಟ್ಟಿ ಮನಸ್ಸು ಮಾಡಿ ಕಾದೆ. ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು. ಸರೋಜ ನನ್ನ ಭುಜವನ್ನು ಹಿಡಿದುಕೊಂಡಳು, ಯಾಕೋ ತೀರಾ ಬಿಗಿಯಾಗಿ. ಕಾದು ಕಾದು ಬೇಸರವಾಗಿ, ಅವರು ನನಗೆ ಕೇಳುತ್ತಿದ್ದ ಪ್ರಶ್ನೆಯನ್ನು ನಾನೇ ಅವರಿಗೆ ಕೇಳಿದೆ:

“ಯಾವಾಗ ಶುರು ಮಾಡ್ತೀರಾ, ಡಾಕ್ಟ್ರೇ?”

“ಮುಗೀತು ಸಾರ್,” ಎಂದರು. “ಕಣ್ಣು ಬಿಡಿ.”