ಹಸ್ಕೊಂಡು ಅಂಗಡಿಗೆ ಹೋಗ್ಬಾರದು

ಮೇಡಂ: ತಪ್ಪು! ಅಂಗಡಿಗೆ ಹೋಗೋ ಮುಂಚೆ ಏನು ಮಾಡ್ಬೇಕು ಅಂದ್ರೆ “ಚೀಲ ಹುಡುಕ್ಬೇಕು” ಅಂತೀಯಲ್ಲಮ್ಮ!

ಇಸ್ತ್ರಿಯಮ್ಮ: ಹುಡುಕದೆ ಸಿಗಲ್ವಲ್ಲ ಮೇಡಂ.

ಮೇಡಂ: ಊಟ ಮಾಡ್ಬೇಕು! ಹಸ್ಕೊಂಡು ಹೋದ್ರೆ ಕಂಡಿದ್ದೆಲ್ಲ ಕೊಳ್ತೀರ. ಮೊದಲನೇ ಪಾಠನೇ ಅದು.

ಇಸ್ತ್ರಿಯಮ್ಮ: ಮನೇಲಿ ಏನೂ ಇಲ್ಲ ಅಂತ ತಾನೇ ಅಂಗಡಿಗೆ ಹೋಗೋದು? ಹೊಟ್ಟೆ ತುಂಬಿದ್ಮೇಲೆ ನಾನ್ಯಾಕೆ ಬಿಸಿಲಲ್ಲಿ ಸಾಯ್ಲಿ?

ಬಡ ಕುಟುಂಬಗಳಿಗೆ ಪೌಷ್ಟಿಕ ಅಡುಗೆ, ಜಾಣ ಖರೀದಿ ಕಲಿಸುವ ಆರು ವಾರದ ತರಗತಿಯ ಕೊನೆಯ ದಿನದ ಪರೀಕ್ಷೆ ಅದು. ಬೀದಿಮೂಲೆಯಲ್ಲಿ ಇಸ್ತ್ರಿ ಮಾಡುವ ಈ ಹೆಂಗಸು ಇಪ್ಪತ್ತು ವರ್ಷದಿಂದ ಐದು ಹೊಟ್ಟೆ ತುಂಬಿಸುತ್ತ ಬಂದಿದ್ದಳು. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿರಲಿಲ್ಲ. ಅವಳ ಕಣ್ಣೆಲ್ಲ ಮೇಜಿನ ಮೇಲಿದ್ದ ಕುಕ್ಕರಿನ ಮೇಲೆ. ಪಾಸಾದವರಿಗೆ ಮಾತ್ರ ಕುಕ್ಕರು. ಮನೆಯಲ್ಲಿ ಹಲ್ಲಿಲ್ಲದ ಅತ್ತೆ. ಪಾತ್ರೆಯಲ್ಲಿ ಬೇಳೆ ಮೆತ್ತಗಾಗುವಷ್ಟರಲ್ಲಿ ಗ್ಯಾಸು ಮುಗಿಯುತ್ತಿತ್ತು, ಮುದುಕಿ ಬರೀ ತಿಳಿ ಕುಡಿದು ಮಲಗುತ್ತಿದ್ದಳು. ಕುಕ್ಕರಿದ್ದರೆ ಬೇಳೆ ಬೇಗ ಬೆಂದೀತು.

ಮೇಡಂ: ಹೋಗ್ಲಿ. ಒಂದು ತುತ್ತನ್ನ ಎಷ್ಟು ಸಲ ಅಗೀಬೇಕು?

ಇಸ್ತ್ರಿಯಮ್ಮ: ನಾನಾ, ನಮ್ಮತ್ತೆನಾ?

ಮೇಡಂ: ಯಾರಾದ್ರೂ ಸರಿ! ಮೂವತ್ತೆರಡು ಸಲ.

ಇಸ್ತ್ರಿಯಮ್ಮ: ಅಷ್ಟರಲ್ಲಿ ನನ್ನ ಮಕ್ಕಳು ತಟ್ಟೆ ಖಾಲಿ ಮಾಡಿರ್ತಾವೆ ಮೇಡಂ. ನನ್ನ ತಟ್ಟೇನೂ ಸೇರಿಸಿ.

ಮೇಡಂ: ಅಯ್ಯೋ! ವಾರದ ತರಕಾರಿ ತಂದು ಎಲ್ಲಿಡ್ಬೇಕು?

ಇಸ್ತ್ರಿಯಮ್ಮ: ಅಂಗಡೀಲೇ ಇಟ್ಟಿರ್ಬೇಕು. ನಮ್ಮನೇಲಿ ಫ್ರಿಜ್ ಇಲ್ಲ, ಇಲಿ ಇದೆ.

ಮೇಡಂ ಕೆಂಪು ಪೆನ್ನಿನಲ್ಲಿ ಮೂರನೇ ಸೊನ್ನೆ ಸುತ್ತಿದರು. ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದು. ತರಗತಿಯ ಖರ್ಚು ಹೊತ್ತಿದ್ದ ಕಂಪನಿಯ ಸಾಹೇಬರು ಬಹುಮಾನ ಹಂಚಲು ಬಂದೇಬಿಟ್ಟರು.

ಮೇಡಂ: ಬೇಗ ಹೇಳು, ಕೊನೇ ಪ್ರಶ್ನೆ. ಪೊಟ್ಟಣ ಕೊಳ್ಳೋ ಮುಂಚೆ?

ಇಸ್ತ್ರಿಯಮ್ಮ: ಹಿಂದುಗಡೆ ಓದ್ಬೇಕು! ಅರ್ಥ ಆಗದ್ದೇನಾದ್ರೂ ಇದ್ರೆ ಮನೆಗೆ ತರಬಾರದು!

ಮೇಡಂ: ಭಲೇ! ಎಲ್ಲಿ, ಓದಿ ತೋರ್ಸು.

ಅವಳು ಆಚೀಚೆ ನೋಡಿ, ಕುಕ್ಕರಿನ ಮುಚ್ಚಳವನ್ನೇ ತೆಗೆದಳು. ಒಳಗೆ ಬಹುಮಾನದ ಜೊತೆ ಉಚಿತವಾಗಿ ತುರುಕಿದ್ದ ನೂಡಲ್ಸ್ ಪೊಟ್ಟಣಗಳು. ಮುಂದುಗಡೆ ಸಾಹೇಬರ ನಗುಮುಖದ ಚಿತ್ರ. ಇಸ್ತ್ರಿಯಮ್ಮ ಮಗಳ ಪುಸ್ತಕ ನೋಡಿ ಓದು ಕಲಿತವಳು. ಓದಿದರೆ ಬೀದಿಗೇ ಕೇಳಬೇಕು.

ಇಸ್ತ್ರಿಯಮ್ಮ: ಮೈದಾ... ಎಣ್ಣೆ... ಉಪ್ಪು... ಸಕ್ಕರೆ... ಮತ್ತೂ ಉಪ್ಪು... ರುಚಿವರ್ಧಕ ಆರುನೂರ ಮೂವತ್ತೈದು. ಇದ್ಯಾರ ಮನೆ ನಂಬರು ಮೇಡಂ?

ಮೇಡಂ: ಶ್! ಮೆಲ್ಲಗೆ! ಅದು ಸಾಹೇಬರ ಕಂಪನೀದು, ಅದನ್ನ ಓದ್ಬಾರದು.

ಇಸ್ತ್ರಿಯಮ್ಮ: ಯಾರದ್ದಾದ್ರೂ ಬಿಡದೆ ಓದು ಅಂದೋರು ನೀವೇ ತಾನೇ? ತಾಳಿ, ಅವರನ್ನೇ ಕೇಳ್ತೀನಿ. ಸಾಹೇಬ್ರೇ...

ಮೇಡಂ: ಪಾಸು! ನೀನು ಪಾಸಮ್ಮ! ತಗೊಂಡು ಹಿಂದಿನ ಬಾಗಿಲಿಂದ ಹೋಗು, ನಿನ್ನ ದಮ್ಮಯ್ಯ!

ಆರು ವಾರ ಬಾಯಿಪಾಠ ಮಾಡಿಯೂ ದಕ್ಕದ ಪಾಸು ಒಂದು ಕೂಗಿಗೆ ದಕ್ಕಿತು. ಇಸ್ತ್ರಿಯಮ್ಮ ಪೊಟ್ಟಣಗಳನ್ನೆಲ್ಲ ಹೊರತೆಗೆದು ಮೇಡಂ ತೋಳಿನ ಮೇಲೆ ಪೇರಿಸಿ, ಖಾಲಿ ಕುಕ್ಕರನ್ನು ಕಂಕುಳಲ್ಲಿ ಇರುಕಿಕೊಂಡಳು.

ಇಸ್ತ್ರಿಯಮ್ಮ: ಇವು ನಿಮಗಿರ್ಲಿ ಮೇಡಂ. ಅಂಗಡಿಗೆ ಹೋಗೋ ಮುಂಚೆ ತಿನ್ನೋಕಾಗುತ್ತೆ.