ನಾನು ರಿಜೆಕ್ಟ್ ಮಾಡಿದ ಅಶೋಕದ ಗಿಡ

ಕೆಲವರ ಕೆಲಸ ಕಾರ್ಖಾನೆಯ ಗೇಟಿನಲ್ಲೇ ಉಳಿದುಬಿಡುತ್ತದೆ. ನನ್ನದು ಮನೆಯವರೆಗೂ ಬರುತ್ತದೆ, ಊಟಕ್ಕೂ ಕೂರುತ್ತದೆ. ಪೀಣ್ಯದ ಸಣ್ಣದೊಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಲೇತ್ ಯಂತ್ರದಿಂದ ಬಂದ ಬಿಡಿಭಾಗಗಳನ್ನು ಅಳೆಯುವುದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಬಣ್ಣ ಹಚ್ಚಿ ರಿಜೆಕ್ಟ್ ಟ್ರೇಗೆ ಹಾಕುವುದು, ಇಷ್ಟೇ. ಮನೆಯಲ್ಲಿ ಒಮ್ಮೆ ದೋಸೆಯ ದಪ್ಪದ ಬಗ್ಗೆ ಅಭಿಪ್ರಾಯ ಹೇಳಿ ವಾರವಿಡೀ ಉಪ್ಪಿಟ್ಟು ತಿಂದಿದ್ದೇನೆ. ಅದನ್ನು ಹೇಳಿಕೊಂಡು ನಗಬಹುದು. ಈಗ ಹೇಳಹೊರಟಿರುವುದನ್ನು ನೆನೆದರೆ ಮಾತ್ರ ಇವತ್ತಿಗೂ ನಾಚಿಕೆಯಾಗುತ್ತದೆ.

ರಾಜಗೋಪಾಲನಗರದಲ್ಲಿ ನಾವಿದ್ದ ಬಾಡಿಗೆ ಮನೆಯ ಮಾಲೀಕರು ಮುನಿಯಮ್ಮ, ಅದೇ ಆವರಣದಲ್ಲಿ ಹಿಂದಿನ ಮನೆಯಲ್ಲಿದ್ದರು. ಹಿಂದೆ ಅವರಿಗೆ ಅಲ್ಲೇ ರಾಗಿ ಹೊಲವಿತ್ತು, ಬಾವಿಯ ಪಕ್ಕ ಒಂದು ಸೀತಾ ಅಶೋಕದ ಮರವಿತ್ತು. ಹೊಲ ಸೈಟುಗಳಾಗಿ, ಮರ ಉರುಳಿದ ದಿನ ಅವರು ಸೆರಗಿನಲ್ಲಿ ಕಟ್ಟಿ ತಂದ ಬೀಜಗಳಲ್ಲಿ ಮೊಳೆತದ್ದು ಒಂದೇ. ಅದನ್ನು ಗೇಟಿನ ಪಕ್ಕ ನೆಟ್ಟಿದ್ದರು. ಮಗಳ ಬಾಣಂತನಕ್ಕೆಂದು ಮೂರು ತಿಂಗಳ ಮಟ್ಟಿಗೆ ಹೊಸಕೋಟೆಗೆ ಹೊರಟಾಗ ನನ್ನನ್ನು ಕರೆದು, “ಸಾರ್, ಆ ಮರದ ವಂಸದಾಗೆ ಇದೊಂದೇ ಉಳ್ದಿರೋದು. ಒಸಿ ನೀರಾಕ್ತಿರಿ. ನಿಧಾನದ ಗಿಡ, ಅವಸ್ರ ಬ್ಯಾಡಿ” ಎಂದರು.

ನೀರು ಹಾಕಿದೆ, ಅದರಲ್ಲಿ ಮೋಸವಿಲ್ಲ. ಆದರೆ ಜೇಬಿನಲ್ಲಿ ಸದಾ ಇರುವ ಆರಿಂಚಿನ ಸ್ಟೀಲ್ ಸ್ಕೇಲು ಸುಮ್ಮನಿರಬೇಕಲ್ಲ. ದಿನಾ ಬೆಳಿಗ್ಗೆ ಕುಕ್ಕರುಗಾಲಿನಲ್ಲಿ ಕೂತು ಗಿಡವನ್ನು ಅಳೆಯುತ್ತಿದ್ದೆ. ಎರಡು ತಿಂಗಳಾದರೂ ಅದು ಒಂದು ಮಿಲಿಮೀಟರೂ ಏರಲಿಲ್ಲ. “ನಿಮ್ ಸಂಬಳಾನೂ ಹಿಂಗೇ ಬೆಳೆಯೋದು ಕಣ್ರೀ. ನಾನೇನು ದಿನಾ ಅಳೀತೀನಾ?” ಎಂದಳು ಹೆಂಡತಿ. ಮೂರನೆಯ ತಿಂಗಳು ತುದಿಯಲ್ಲಿ ಒಂದು ಗೊಂಚಲು ಎಲೆ ಹೊರಬಂತು. ತಾಮ್ರದ ಬಣ್ಣ, ಒದ್ದೆ ಬಟ್ಟೆಯ ಹಾಗೆ ಜೋಲುತ್ತಿತ್ತು. ಗಿಡ ಬಾಡಿತೆಂದು ತೀರ್ಮಾನಿಸಿದೆ. ತೀರ್ಮಾನಿಸುವುದೇ ನನ್ನ ಉದ್ಯೋಗ ತಾನೆ. ಅಂದೇ ಮುನಿಯಮ್ಮನ ಫೋನು. “ನಾಳೀಕೆ ಬತ್ತಾ ಇವ್ನಿ ಸಾರ್. ಗಿಡ ಎಂಗೈತೆ?”

“ಚೆನ್ನಾಗಿದೆಯಮ್ಮ” ಎಂದುಬಿಟ್ಟೆ.

ನಮ್ಮ ಕಾರ್ಖಾನೆಯಲ್ಲಿ ಬರೆದಿಡದ ಪದ್ಧತಿಯೊಂದಿದೆ. ಮಾಲು ಕೊಳ್ಳುವ ಕಂಪನಿಯವರು ತಪಾಸಣೆಗೆ ಬರುವ ದಿನ ಟ್ರೇಯ ಮೇಲ್ಗಡೆ ಒಳ್ಳೆಯ ಪೀಸುಗಳನ್ನೇ ಜೋಡಿಸುತ್ತೇವೆ. ಅದನ್ನೇ ಇಲ್ಲೂ ಮಾಡಿದೆ. ಗಿಡವನ್ನು ಕಿತ್ತು ಹಿತ್ತಲ ಕಸದ ಗುಡ್ಡೆಗೆ ಎಸೆದು, ನರ್ಸರಿಯಿಂದ ಅದೇ ಎತ್ತರದ, ಎಲೆ ನೆಟ್ಟಗಿದ್ದ ಇನ್ನೊಂದು ಸೀತಾ ಅಶೋಕ ತಂದು ನೆಟ್ಟೆ. ಅಳತೆ ಕರಾರುವಾಕ್ಕಾಗಿತ್ತು.

ಮರುದಿನ ಮುನಿಯಮ್ಮ ಬಂದವರೇ ಗಿಡವನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. “ಚೆನ್ನಾಗ್ ನೋಡ್ಕೊಂಡಿದೀರ ಸಾರ್” ಎಂದು ಹೊಸಕೋಟೆಯಿಂದ ತಂದ ಒಂದು ಚೀಲ ಅವರೆಕಾಯಿ ಕೊಟ್ಟರು. ನಾಲ್ಕು ದಿನ ಅವರೆಕಾಳಿನ ಸಾರು. ಇವತ್ತು ಹೇಳಿಬಿಡೋಣ ಎಂದು ಬಾಯಿ ತೆರೆದಾಗಲೆಲ್ಲ ನೀರಿನ ಟ್ಯಾಂಕರಿನ ವಿಷಯ ಮಾತಾಡಿ ಬರುತ್ತಿದ್ದೆ. ಹೀಗೆ ಏಳು ವರ್ಷ ಕಳೆಯಿತು.

ಮನೆ ಖಾಲಿ ಮಾಡುವ ದಿನ ಬೀಗದ ಕೈ ಕೊಡಲು ಹೋದೆ. ಮುನಿಯಮ್ಮ ಹಿತ್ತಲಿಗೆ ಕರೆದೊಯ್ದರು. ಅವರ ಸ್ನಾನದ ಮನೆಯ ಹಿಂದೆ, ಬಾಡಿಗೆದಾರರು ಯಾರೂ ಕಾಲಿಡದ ಮೂಲೆಯಲ್ಲಿ, ನನ್ನೆದೆಯ ಮಟ್ಟದ ಅಶೋಕ ನಿಂತಿತ್ತು. ಕಾಂಡಕ್ಕೆ ಅಂಟಿಕೊಂಡು ಎರಡು ಗೊಂಚಲು ಕಿತ್ತಳೆ ಹೂ. ತುದಿಯಲ್ಲಿ ಅದೇ ತಾಮ್ರದ ಎಲೆ, ಅದೇ ಜೋಲು.

“ಅವತ್ತೇ ಕಸದ ಗುಡ್ಡೇಲಿ ಕಂಡು ಎತ್ಕೊಂಡ್ ಬಂದು ಇಲ್ಲಿ ನೆಟ್ಟೆ. ಚಿಗುರು ಅಂಗೇ ಸಾರ್ ಜೋಲೋದು. ಉಟ್ಟಿದ ಮಗೀನ ಕತ್ತು ನಿಲ್ತದಾ?”

ಏಳು ವರ್ಷ ಯಾಕೆ ಹೇಳಲಿಲ್ಲವೆಂದು ಕೇಳಿದೆ. ಕೇಳುವ ಯೋಗ್ಯತೆ ನನಗಿರಲಿಲ್ಲ.

“ಅವತ್ತು ನಿಮ್ ಮಕ ಇದಕ್ಕಿಂತ ಜಾಸ್ತಿ ಜೋತಿತ್ತು. ಓಗ್ಲಿ ಬುಡು ಅಂದ್ಕೊಂಡೆ” ಎಂದರು. ಆಮೇಲೆ ನನ್ನ ಜೇಬಿನ ಕಡೆ ಕಣ್ಣು ಹಾಯಿಸಿ, “ಅಳೀರಿ ಸಾರ್, ಎಷ್ಟೈತೆ ಅಂತ” ಎಂದರು.

ಸ್ಕೇಲು ಜೇಬಿನಲ್ಲೇ ಇತ್ತು. ಅದನ್ನು ತೆಗೆಯದೆ ಬೀಗದ ಕೈಯನ್ನು ಅವರಿಗೆ ಕೊಟ್ಟೆ. ಇಷ್ಟು ವರ್ಷ ತಪಾಸಣೆ ಮಾಡುವವನು ನಾನೆಂದು ತಿಳಿದಿದ್ದೆ. ಮುನಿಯಮ್ಮ ಹೊಸಕೋಟೆಯಿಂದ ಬಂದ ದಿನವೇ ನನ್ನನ್ನು ನೋಡಿ ರಿಜೆಕ್ಟ್ ಟ್ರೇಗೆ ಹಾಕಿದ್ದರು, ಹಾಕಿಯೂ ಏಳು ವರ್ಷ ಮನೆಯಲ್ಲಿ ಇಟ್ಟುಕೊಂಡಿದ್ದರು.