ಕರ್ಪೂರ ಆರಿಸದ ಭಾವ

ನಮ್ಮ ಭಾವ ಅಮೆರಿಕ ಬಿಟ್ಟು ಬಂದದ್ದು ಊರಿನ ಮೇಲಿನ ಪ್ರೀತಿಯಿಂದ ಅಂತ ಅಕ್ಕ ಹೇಳುತ್ತಿದ್ದಳು. ನನಗೇನೋ ಅನುಮಾನ. ಅವರ ಬಾಯಿ ತಡೆಯಲಾರದೆ ಅಮೆರಿಕದವರೇ ಟಿಕೆಟ್ ಕೊಡಿಸಿ ವಿಮಾನ ಹತ್ತಿಸಿರಬೇಕು!

ಹೋಗಿದ್ದು ದೊಡ್ಡ ಕೆಲಸಕ್ಕೇನಲ್ಲ. ತುಮಕೂರು ಕಡೆಯ ಡಾಕ್ಟರೊಬ್ಬರು ಅಲ್ಲಿ ನೆಲೆಸಿದ್ದರು. ಅವರ ಮನೆಯಲ್ಲಿ ಮುದ್ದೆ ಕಟ್ಟಿ, ಸಾರು ಕಾಯಿಸಿ, ಏಳು ವರ್ಷ ಇದ್ದು ಬಂದರು. ಬರುವಾಗ ಒಂದು ಕೋಟು, ಒಂದು ಚಾಕು, ಹೊರಲಾರದಷ್ಟು ಅನುಮಾನ ತಂದರು. ‘ನಂಬ್ತೀನಿ’ ಅನ್ನುವ ಮಾತು ಮಾತ್ರ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಕಿಬ್ಬನಹಳ್ಳಿಯಲ್ಲಿ ನಾವೆಲ್ಲ ಬಸ್ಸಿಗೆ ಕಾಯುತ್ತಿದ್ದರೆ, “ಬರತ್ತೆ ಅನ್ನೋದಕ್ಕೆ ಸಾಕ್ಷಿ ಏನು?” ಅಂತ ಕೇಳಿ ನಡೆದೇ ಹೊರಡುತ್ತಿದ್ದರು. ಬಸ್ಸು ದಾರಿಯಲ್ಲಿ ಅವರನ್ನು ಹತ್ತಿಸಿಕೊಳ್ಳುತ್ತಿತ್ತು.

“ಭಾವ, ಅಮೆರಿಕದಲ್ಲಿ ದೇವರಿಲ್ವಾ?” ಅಂತ ಕೆಣಕುತ್ತಿದ್ದೆ.

“ಅವ್ನೆ ಕಣಯ್ಯ, ಟೀವೀಲಿ. ಭಾನುವಾರ ಬೆಳಿಗ್ಗೆ ಬತ್ತಾನೆ. ಕೆಳಗಡೆ ಫೋನ್ ನಂಬರೂ ಹಾಕಿರ್ತಾನೆ.”

“ರಾಜಕೀಯದೋರು?”

“ಓಟಿಗೆ ನಿಂತೋನು ಹೆಂಡ್ತಿ, ಮಕ್ಕಳು, ನಾಯಿ ಎಲ್ಲ ಕಟ್ಕೊಂಡು ಚರ್ಚಿಗೆ ಹೋಗ್ತಾನೆ. ಫೋಟೋ ತೆಗೆಯೋನು ಮುಂಚೇನೇ ಬಂದು ಕೂತಿರ್ತಾನೆ. ನಿಮ್ಮೋರು ಕಾಯಿ ಒಡೀತಾರೆ. ನಿಮ್ಮೋರೇ ವಾಸಿ, ಚೂರು ಕಾಯಾದ್ರೂ ಸಿಗತ್ತೆ.”

“ಹೋಗ್ಲಿ ಬುಡಿ, ವಿಜ್ಞಾನದಲ್ಲಿ ಅವರೇ ಮುಂದೆ ಅಲ್ವಾ?”

“ಮುಂದೇನೇ. ಡಾಕ್ಟರ ಆಸ್ಪತ್ರೇಲಿ ಲಿಫ್ಟ್ ಇತ್ತು. ಹನ್ನೆರಡನೇ ಮಹಡಿ ಆದ ಮೇಲೆ ಹದಿನಾಲ್ಕು! ಹದಿಮೂರು ಕೆಟ್ಟ ಸಂಖ್ಯೆಯಂತೆ. ಚಂದ್ರನ ಮೇಲೆ ಕಾಲಿಟ್ಟ ಜನ ಕಣಯ್ಯ, ಹದಿಮೂರನೇ ಮಹಡಿ ಮೇಲೆ ಕಾಲಿಡಲ್ಲ!”

ಅಲ್ಲಿದ್ದಾಗ ಅಮೆರಿಕದವರನ್ನೂ ಇಲ್ಲಿ ನಮ್ಮನ್ನೂ ಅವರು ಒಂದೇ ತಕ್ಕಡಿಯಲ್ಲಿ ತೂಗಿದರು. ಅದಕ್ಕೇ ಎರಡೂ ಕಡೆ ಅವರಿಗೆ ಸ್ನೇಹಿತರಿರಲಿಲ್ಲ.

ಒಮ್ಮೆ ನಮ್ಮೂರಿಗೆ ಬೋರ್‌ವೆಲ್ ಜಾಗ ತೋರಿಸುವವನು ಬಂದ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುತ್ತಾನೆ, ನೀರಿದ್ದ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ. ನಾವೆಲ್ಲ ಉಸಿರು ಬಿಗಿಹಿಡಿದು ಹಿಂದೆ ಹೋದೆವು. ಕಾಯಿ ಒಂದು ಕಡೆ ನಿಂತಿತು. ಭಾವ ಸುಮ್ಮನಿರುತ್ತಾರೆಯೇ? “ಕಣ್ಣಿಗೆ ಬಟ್ಟೆ ಕಟ್ಕೊಂಡು ಅದೇ ಜಾಗ ಇನ್ನೊಂದ್ಸಲ ತೋರ್ಸಪ್ಪ” ಅಂದರು. ಕಟ್ಟಿದೆವು. ಕಾಯಿ ಎದ್ದು ನಿಂತದ್ದು ಎಲ್ಲಿ ಅಂತೀರಿ? ಪಂಚಾಯ್ತಿ ಆಫೀಸಿನ ಒಳಗೆ, ಸೆಕ್ರೆಟರಿ ಮೇಜಿನ ಮುಂದೆ! “ಡಾಕ್ಟರ ಪಕ್ಕದ ಮನೆ ಬಿಳಿಯನೂ ಹಿಂಗೇ ಕವಲುಕಡ್ಡಿ ಹಿಡ್ಕೊಂಡು ತಿರುಗ್ತಿದ್ದ” ಅಂತ ಭಾವ ನಕ್ಕರು. ಊರಿನವರು ನಗಲಿಲ್ಲ. ಬಯಲಾದದ್ದು ಅವನು, ಅವಮಾನ ನಮಗಾದಂತಾಗಿತ್ತು.

ಅಮೆರಿಕದಲ್ಲಿ ಅವರು ಮೆಚ್ಚಿದ್ದು ಒಂದೇ ಒಂದು. ರಸ್ತೆಯಲ್ಲಿ ಎರಡು ಕಾರು ಗುದ್ದಿದ್ದನ್ನು ನೋಡಿದ್ದರಂತೆ, ಸಾಕ್ಷಿ ಹೇಳಲು ಕೋರ್ಟು ಕರೆಯಿತು. ಧರ್ಮಗ್ರಂಥ ಮುಂದೆ ಹಿಡಿದರು. “ನಾನು ಇದನ್ನ ನಂಬೋನಲ್ಲ ಸ್ವಾಮಿ” ಅಂದರಂತೆ. ಜಡ್ಜು ಸಿಟ್ಟಾಗಲಿಲ್ಲ. “ಪುಸ್ತಕ ಬೇಡ, ಬಲಗೈ ಎತ್ತಿ ನಿಜ ಹೇಳ್ತೀನಿ ಅನ್ನು, ನಿನ್ನ ಮಾತು ಸಾಕು” ಅಂದರಂತೆ. ಇದನ್ನು ಹೇಳುವಾಗಲೆಲ್ಲ ಭಾವ ಎದ್ದು ನಿಂತು ಬಲಗೈ ಎತ್ತಿ ತೋರಿಸುತ್ತಿದ್ದರು. ನಾವೋ, “ಬಂದ್ರಪ್ಪ ಜಡ್ಜು ಸಾಹೇಬ್ರು!” ಅಂತ ನಗುತ್ತಿದ್ದೆವು.

ಇನ್ನು ಮುಂದಿನದು ನಗುವ ವಿಷಯವಲ್ಲ.

ನಮ್ಮೂರ ದೇವರಿಗೆ ಒಂದು ತೆಂಗಿನ ತೋಟವಿದೆ. ಅದರ ಕಾಯಿ ಅಟ್ಟದ ಮೇಲೆ ವರ್ಷವಿಡೀ ಬಿದ್ದಿರಬೇಕು. ಕೆಳಗಿನ ಒಲೆಯ ಹೊಗೆ ಕುಡಿಯುತ್ತಾ ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಲೊಟಲೊಟ ಅಂದಾಗ ಅದು ಕೊಬ್ಬರಿ. ಆ ಕಾಯಿ ಇಡುತ್ತಿದ್ದದ್ದು ಭಾವನ ಮನೆಯ ಅಟ್ಟದಲ್ಲಿ. “ದೇವರನ್ನೇ ಒಲ್ಲದೋನು ದೇವರ ಕಾಯಿ ತಗೊಂಡು ಏನ್ ಮಾಡ್ತಾನೆ?” ಅನ್ನುವುದು ಹಿರಿಯರ ಲೆಕ್ಕಾಚಾರ. ಅಟ್ಟದ ಬೀಗದ ಕೈ ಎರಡು. ಒಂದು ಭಾವನ ಹತ್ತಿರ, ಇನ್ನೊಂದು ನನ್ನ ಹತ್ತಿರ.

ಆ ವರ್ಷ ನಾನು ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಂತೆ. ಎದುರಿನವನು ಮನೆಮನೆಗೆ ಸೀರೆ ಹಂಚಿದ. ನನ್ನ ಕೊಬ್ಬರಿ ಆಗಲೇ ತಿಪಟೂರಿನ ಮಂಡಿ ಸೇರಿ, ಬಂದ ದುಡ್ಡೂ ಖರ್ಚಾಗಿತ್ತು. ಅಕ್ಕ ಭಾವ ತುರುವೇಕೆರೆಗೆ ಮದುವೆಗೆ ಹೋಗಿದ್ದ ದಿನ ಅಟ್ಟ ಹತ್ತಿದೆ. ಒಂದೊಂದೇ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಲೊಟಲೊಟ ಅಂದದ್ದನ್ನೇ ಆರಿಸಿ ಎರಡು ಚೀಲ ಇಳಿಸಿದೆ. ಮುಂದಿನ ಕೊಯ್ಲಿನಲ್ಲಿ ವಾಪಸ್ ಇಟ್ಟರಾಯಿತು ಅಂದುಕೊಂಡೆ. ದೇವರ ಕೊಬ್ಬರಿಯನ್ನು ಅರಿಶಿನ ಕುಂಕುಮದ ಜೊತೆ ಹೆಣ್ಣುಮಕ್ಕಳ ಮಡಿಲಿಗೆ ಹಾಕಿ ಓಟು ಕೇಳಿದೆ. ನನ್ನ ತೋಟದ್ದೇ ಅಂದುಕೊಂಡು ಎಲ್ಲರೂ ಕಣ್ಣಿಗೆ ಒತ್ತಿಕೊಂಡರು!

ಓಟಿನ ಮುಂಚಿನ ವಾರವೇ ಹಿರಿಯರು ಅಟ್ಟ ನೋಡಿದರು, ಎರಡು ಚೀಲ ಕಾಯಿ ಕಡಿಮೆ. ಬೀಗದ ಕೈ ಇದ್ದ ಇಬ್ಬರನ್ನೂ ಗುಡಿಯ ಮುಂದೆ ಕರೆಸಿದರು. ನಮ್ಮ ಕಡೆ ಪದ್ಧತಿ ಗೊತ್ತಲ್ಲ, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡಬೇಕು.

ಭಾವ ಕೋಟಿನ ತೋಳು ಸರಿಮಾಡಿಕೊಂಡು ಬಲಗೈ ಎತ್ತಿದರು. “ನಾನು ತೆಗೆದಿಲ್ಲ. ಇದು ನನ್ನ ಮಾತು.”

“ಕರ್ಪೂರ ಆರ್ಸಿ.”

“ನಂಬದೇ ಇರೋದನ್ನ ಮುಟ್ಟಿ ಆಣೆ ಮಾಡಿದ್ರೆ, ಅದೇ ಮೊದಲನೇ ಸುಳ್ಳಾಗತ್ತೆ ಕಣಪ್ಪ.”

“ಇದು ಅಮೆರಿಕ ಅಲ್ಲ ಕಣ್ರೀ!” ಅಂತ ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ಮುಂದೆ ಹೋಗಿ, ಅಂಗೈ ಒತ್ತಿ ಕರ್ಪೂರ ಆರಿಸಿದೆ. “ನಾನು ಮುಟ್ಟಿಲ್ಲ” ಅಂದೆ.

ಸಿಡಿಲು ಬಡಿಯಿತೇ? ನಾಲಗೆ ಸೇದಿಹೋಯಿತೇ? ಏನೂ ಆಗಲಿಲ್ಲ. ಕರ್ಪೂರಕ್ಕೆ ಏನೂ ತಿಳಿಯುವುದಿಲ್ಲವೆಂಬ ಭಾವನ ವಾದವನ್ನು ಗುಡಿಯ ಮುಂದೆ ಸಾಬೀತು ಮಾಡಿದವನು ಭಕ್ತನಾದ ನಾನೇ!

ಸಂಜೆ ಭಾವ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಹಿಡಿದು ನಮ್ಮ ಮನೆಗೆ ಬಂದರು. ನನ್ನ ಅಂಗೈ ಬಿಡಿಸಿ ಹಚ್ಚಿದರು. “ಕರ್ಪೂರ ಸುಡತ್ತೆ ಕಣಯ್ಯ. ಅದಕ್ಕೆ ಗೊತ್ತಿರೋದು ಅಷ್ಟೇ” ಅಂದು ಹೊರಟುಹೋದರು.

ನಾನು ಗೆದ್ದೆ. ದೇವರ ಕಾಯಿಗಳನ್ನು ಭಾವನ ಅಟ್ಟದಿಂದ ಇಳಿಸಿ, ಊರಿನವರು ಬಹಳ ಯೋಚಿಸಿ, ನನ್ನ ಅಟ್ಟಕ್ಕೆ ಹಾಕಿದರು! ಭಾವನನ್ನು ಮದುವೆ ಮುಂಜಿಗೆ ಕರೆಯುವುದು ನಿಂತಿತು. ಅಕ್ಕನನ್ನು ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ಹನ್ನೊಂದು ವರ್ಷ ಹೀಗೇ ನಡೆಯಿತು. ಹಬ್ಬಕ್ಕೆ ಅವಳು ನಮ್ಮ ಮನೆಗೆ ಬಂದಾಗ ನಾನು ಬಾಗಿನ ಕೊಡುತ್ತಿದ್ದೆ, ಅವಳು “ನೀನೊಬ್ಬ ಇದ್ದೀಯಲ್ಲಪ್ಪ” ಅನ್ನುತ್ತಿದ್ದಳು. ಆ ಮಾತು ಕೇಳಿಕೊಂಡೂ ಊಟ ಮಾಡಿದ್ದೇನೆ.

ಕಳೆದ ತಿಂಗಳು ಭಾವ ಹಾಸಿಗೆ ಹಿಡಿದರು. ಇನ್ನು ತಡೆಯಲಾಗದೆ ಗುಡಿಯ ಮುಂದೆ ಹೋಗಿ, ಉಳಿದಿದ್ದ ಹಿರಿಯರ ಎದುರು ಬಲಗೈ ಎತ್ತಿದೆ. “ಅವತ್ತು ತೆಗೆದವನು ನಾನು. ಇದು ನನ್ನ ಮಾತು.”

ಅವರು ಮುಖ ಮುಖ ನೋಡಿಕೊಂಡರು. “ಭಾವನ ಮೇಲಿನ ಪ್ರೀತಿಗೆ ಹೇಳ್ತಾವ್ನೆ ಬುಡ್ರಲಾ. ಏನಯ್ಯಾ, ನಿಜ ಆದ್ರೆ ಕರ್ಪೂರ ಆರ್ಸಿ ಹೇಳು, ನಂಬ್ತೀವಿ!”

ಆರಿಸಲಿಲ್ಲ. ನನ್ನ ಸುಳ್ಳಿಗೆ ಸಾಕಾದ ಕರ್ಪೂರ ನಿಜಕ್ಕೆ ಬೇಡವೆನಿಸಿತು. ನೇರ ಭಾವನ ಮನೆಗೆ ಬಂದು ಎಲ್ಲ ಹೇಳಿದೆ. ಕೆಮ್ಮು ಬರುವ ತನಕ ನಕ್ಕರು.

“ನಿಮಗೆ ಮೊದಲೇ ಗೊತ್ತಿತ್ತಾ ಭಾವ?”

“ನಾವು ಮದುವೆ ಮುಗ್ಸಿ ಬಂದಾಗ ನಿನ್ನ ಬೆನ್ನ ತುಂಬ ಅಟ್ಟದ ಮಸಿ ಇತ್ತಲ್ಲಯ್ಯ.”

“ಮತ್ತೆ ಯಾಕೆ ಹೇಳಲಿಲ್ಲ?”

“ಊರಂತೂ ನಮ್ಮನ್ನ ಬಿಟ್ಟಿತ್ತು. ನಿಮ್ಮಕ್ಕ ತೌರೂ ಕಳ್ಕೋಬೇಕಾಗಿತ್ತಾ?”

“ಊರಿನೋರು ನಂಬಲಿಲ್ಲ ಭಾವ” ಅಂದೆ.

“ನಾನು ನಂಬ್ತೀನಿ ಕಣಯ್ಯ” ಅಂದರು. ಆ ಮಾತು ಅವರ ಬಾಯಲ್ಲಿ! “ಅವರನ್ನ ಬುಡು. ಒಳಗೆ ನಿಮ್ಮಕ್ಕ ಅವಳೆ, ಅವಳಿಗೆ ಹೇಳು ಹೋಗು. ಅವಳು ಕರ್ಪೂರ ಕೇಳಲ್ಲ.”

ನಾನು ಕೂತಲ್ಲೇ ಕೂತಿದ್ದೆ. ಭಾವ ಹಾಸಿಗೆಯಿಂದ ಮೆಲ್ಲಗೆ ಇಳಿದರು. ಕರ್ಪೂರ ಆರಿಸಿದ ಆ ನನ್ನ ಕೈಯನ್ನೇ ಹಿಡಿದು, ಅಡುಗೆಮನೆಯ ಹೊಸಿಲಿನವರೆಗೂ ನಡೆಸಿಕೊಂಡು ಬಂದರು.